ವಿಮೆ ಕಟ್ಟಿ ಆಯಿತು, ಆದರೂ ಟ್ರಕ್ ರಸ್ತೆಗಿಳಿಸಲು ಯಾಕೆ ಆಗುತ್ತಿಲ್ಲ?

ಓದುಗರ ಪ್ರಶ್ನೆ: ಟೆಕ್ಸಸ್‌ನಲ್ಲಿ ಒಂದು ಎಲ್‌ಎಲ್‌ಸಿ (ಸಣ್ಣ ಕಂಪನಿ) ಮಾಡಿ ಸೆಕೆಂಡ್ ಹ್ಯಾಂಡ್ ಟ್ರಕ್ ತಗೊಂಡಿದ್ದೇನೆ. ವಿಮೆಗೆ ವರ್ಷಕ್ಕೆ 17 ಸಾವಿರ ಡಾಲರ್ ಹೇಳಿದರು. ಮೊದಲ ಕಂತು ಕಟ್ಟಿಯೂ ಆಯಿತು. ಆದರೂ ಫೆಡರಲ್ ವೆಬ್‌ಸೈಟಿನಲ್ಲಿ ನನ್ನ ಅಥಾರಿಟಿ, ಅಂದರೆ ಬಾಡಿಗೆಗೆ ಸರಕು ಸಾಗಿಸುವ ಅನುಮತಿ, ಆಕ್ಟಿವ್ ಅಂತ ಬರುತ್ತಿಲ್ಲ. ಇದರ ಮೇಲೆ ಏಜೆಂಟ್ "ರಾಜ್ಯದ ಫೈಲಿಂಗ್ ಕೂಡ ಬೇಕಾ?" ಅಂತ ಕೇಳುತ್ತಿದ್ದಾರೆ. ಊರಲ್ಲಿ ಅಣ್ಣನ ಲಾರಿಗೆ ಇಷ್ಟು ರಗಳೆ ಇಲ್ಲ. ಇಲ್ಲಿ ಯಾಕೆ ಇಷ್ಟು ದುಬಾರಿ, ಇಷ್ಟು ಕಾಗದಪತ್ರ?

ಉತ್ತರ: ಮೊದಲು ತಕ್ಷಣದ ತಲೆನೋವು ನೋಡೋಣ. ನೀವು ಪಾಲಿಸಿ ಕೊಂಡಿದ್ದು ನಿಮಗೂ ವಿಮಾ ಕಂಪನಿಗೂ ಸೇರಿದ ವ್ಯವಹಾರ. ಫೆಡರಲ್ ಮೋಟರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಶನ್, ಅಂದರೆ ಟ್ರಕ್ ಸಾಗಣೆ ನೋಡಿಕೊಳ್ಳುವ, ಎಲ್ಲರೂ ಎಫ್‌ಎಂಸಿಎಸ್‌ಎ ಅನ್ನುವ ಫೆಡರಲ್ ಸಂಸ್ಥೆ, ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೀವೇ ಪಾಲಿಸಿಯ ಪ್ರತಿ ಕಳಿಸಿದರೂ ಪ್ರಯೋಜನ ಇಲ್ಲ. ವಿಮಾ ಕಂಪನಿಯೇ ಬಿಎಂಸಿ-91 ಅಥವಾ ಬಿಎಂಸಿ-91ಎಕ್ಸ್ ಎಂಬ ಫಾರ್ಮನ್ನು ಆನ್‌ಲೈನಿನಲ್ಲಿ ಹಾಕಬೇಕು. "ಈ ಕ್ಯಾರಿಯರ್‌ನಿಂದ (ಸರಕು ಸಾಗಿಸುವವರಿಂದ) ಜನರಿಗೆ ಹಾನಿಯಾದರೆ ಇಷ್ಟು ಮೊತ್ತದವರೆಗೆ ನಾವು ಹೊಣೆ" ಅಂತ ಕಂಪನಿ ಸರ್ಕಾರಕ್ಕೆ ಬರೆದುಕೊಡುವುದೇ ಫೈಲಿಂಗ್. ಅದು ಹೋಗುವ ತನಕ ಸರ್ಕಾರದ ಕಣ್ಣಿಗೆ ನಿಮ್ಮ ಟ್ರಕ್‌ಗೆ ವಿಮೆಯೇ ಇಲ್ಲ.

ಹಾಗಾಗಿ ಏಜೆಂಟ್‌ಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಫೈಲಿಂಗ್ ಹೋಗಿದೆಯಾ? ಯಾವ ಹೆಸರಿನಲ್ಲಿ ಹೋಗಿದೆ? ಎರಡನೆಯದೇ ಮುಖ್ಯ. ಅಥಾರಿಟಿಯ ಅರ್ಜಿಯಲ್ಲಿ ಎಲ್‌ಎಲ್‌ಸಿ ಹೆಸರು, ಪಾಲಿಸಿಯಲ್ಲಿ ನಿಮ್ಮ ಸ್ವಂತ ಹೆಸರು ಇದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ವಿಳಾಸವನ್ನೂ ತಾಳೆ ನೋಡಿ. ಜೊತೆಗೆ ಬಿಒಸಿ-3 ಆಗಿದೆಯಾ ಅಂತ ನೋಡಿಕೊಳ್ಳಿ. ನಿಮ್ಮ ಮೇಲೆ ಎಲ್ಲಾದರೂ ಕೇಸು ಬಿದ್ದರೆ ಕೋರ್ಟಿನ ಕಾಗದ ತೆಗೆದುಕೊಳ್ಳಲು ಪ್ರತಿ ರಾಜ್ಯದಲ್ಲೂ ಒಬ್ಬ ಪ್ರತಿನಿಧಿಯನ್ನು ಹೆಸರಿಸುವ ಫಾರ್ಮ್ ಅದು. ಇವೆಲ್ಲ ಸರಿಯಿದ್ದರೂ, ಅರ್ಜಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ 10 ದಿನ ಬಿಡುತ್ತಾರೆ. ಅಷ್ಟರವರೆಗೆ ಕಾಯಲೇಬೇಕು. ವಿಮೆಯ ಫೈಲಿಂಗ್‌ಗೆ ಪ್ರಕಟಣೆಯಿಂದ 90 ದಿನ ಗಡುವು. ಅದು ದಾಟಿದರೆ ಅರ್ಜಿ ವಜಾ. ಅರ್ಜಿಗೆ ಕಟ್ಟಿದ 300 ಡಾಲರ್ ವಾಪಸ್ ಬರುವುದಿಲ್ಲ.

ಇನ್ನು ರಾಜ್ಯದ ಫೈಲಿಂಗ್. ಇದು ನಿಮ್ಮ ಟ್ರಕ್ ಎಲ್ಲಿ ಓಡುತ್ತದೆ ಅನ್ನುವುದಕ್ಕಿಂತ ನಿಮ್ಮ ಲೋಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಡಲ್ಲಾಸ್‌ನಿಂದ ಅಟ್ಲಾಂಟಾಕ್ಕೆ ಸರಕು ಒಯ್ದರೆ ಅದು ಅಂತರರಾಜ್ಯ. ಅದಕ್ಕೆ ಫೆಡರಲ್ ಫೈಲಿಂಗ್ ಸಾಕು. ಜೊತೆಗೆ ಯುಸಿಆರ್ ಎಂಬ ವಾರ್ಷಿಕ ನೋಂದಣಿ ಮಾಡಿಸಬೇಕು. ಒಂದೆರಡು ಗಾಡಿ ಇದ್ದವರಿಗೆ 2025ರಲ್ಲಿ ಅದರ ಶುಲ್ಕ 46 ಡಾಲರ್. ಆದರೆ ಡಲ್ಲಾಸ್‌ನಲ್ಲಿ ತುಂಬಿ ಹೂಸ್ಟನ್‌ನಲ್ಲಿ ಇಳಿಸುವ ಸ್ಥಳೀಯ ಸರಕು ಟೆಕ್ಸಸ್‌ನ ಒಳಗಿನ ವ್ಯವಹಾರ. ಅದಕ್ಕೆ ರಾಜ್ಯದ ಮೋಟರ್ ವಾಹನ ಇಲಾಖೆಯಿಂದ ಟಿಎಕ್ಸ್‌ಡಿಎಂವಿ ನಂಬರ್ ಬೇಕು. ವಿಮಾ ಕಂಪನಿ ಅಲ್ಲಿಗೆ ಫಾರ್ಮ್ ಇ ಎಂಬ ರಾಜ್ಯದ ಫೈಲಿಂಗ್ ಸಲ್ಲಿಸಬೇಕು. 26,000 ಪೌಂಡ್‌ಗಿಂತ ಜಾಸ್ತಿ ತೂಕದ ಟ್ರಕ್‌ಗೆ ಟೆಕ್ಸಸ್ ಕೇಳುವ ಕನಿಷ್ಠ ಹೊಣೆ (ಬೇರೆಯವರಿಗೆ ಆದ ಹಾನಿಗೆ ವಿಮೆ) 5 ಲಕ್ಷ ಡಾಲರ್.

ಇಲ್ಲಿ ಒಂದು ಸಣ್ಣ ತಿರುವು ಇದೆ. ಹೂಸ್ಟನ್ ಬಂದರಿಗೆ ಹಡಗಿನಲ್ಲಿ ಬಂದ ಕಂಟೇನರನ್ನು ನೀವು ಡಲ್ಲಾಸ್‌ಗೆ ತಂದಿರಿ ಅನ್ನಿ. ಟ್ರಕ್ ಟೆಕ್ಸಸ್ ದಾಟಿಲ್ಲ. ಆದರೂ ಅದು ವಿದೇಶದಿಂದ ಶುರುವಾದ ಸಾಗಣೆಯ ಕೊನೆಯ ತುಂಡು, ಹಾಗಾಗಿ ಸಾಮಾನ್ಯವಾಗಿ ಫೆಡರಲ್ ನಿಯಮದ ಕೆಳಗೇ ಬರುತ್ತದೆ. ನಿಮ್ಮ ಏಜೆಂಟ್ "ಬೇಕಾ?" ಅಂತ ಕೇಳಿದ್ದು ಇದಕ್ಕೇ. ನೀವು ಎಂಥ ಲೋಡು ಹಿಡಿಯುತ್ತೀರಿ ಅಂತ ಅವರಿಗೆ ಗೊತ್ತಿಲ್ಲ.

ಬೇರೆ ರಾಜ್ಯಗಳಲ್ಲಿ ಹೆಸರು ಬೇರೆ, ತತ್ವ ಹೆಚ್ಚುಕಡಿಮೆ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ಮೋಟರ್ ವಾಹನ ಇಲಾಖೆ (ಡಿಎಂವಿ) ಕೊಡುವ ಮೋಟರ್ ಕ್ಯಾರಿಯರ್ ಪರ್ಮಿಟ್ ಬೇಕು, ಭಾರಿ ಟ್ರಕ್‌ಗೆ 7.5 ಲಕ್ಷ ಡಾಲರ್ ಹೊಣೆ. ಗಮನಿಸಬೇಕಾದ್ದು ನ್ಯೂಜೆರ್ಸಿ. ಅಲ್ಲಿ ನೋಂದಣಿಯಾದ ಅಥವಾ ಅಲ್ಲೇ ನಿಲ್ಲಿಸುವ, 26,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವಾಹನಗಳಿಗೆ 2024ರ ಜುಲೈ 1ರಿಂದ ಕನಿಷ್ಠ 15 ಲಕ್ಷ ಡಾಲರ್ ಮಾಡಿದ್ದಾರೆ. ನ್ಯೂಜೆರ್ಸಿಯ ಎಡಿಸನ್ ಕಡೆಗೆ ಮನೆ ಬದಲಾಯಿಸಿ ಟ್ರಕ್ಕನ್ನೂ ಅಲ್ಲೇ ನಿಲ್ಲಿಸುವ ಯೋಚನೆ ಇದ್ದರೆ ಮೊದಲೇ ಕೊಟೇಶನ್ ತರಿಸಿಕೊಳ್ಳಿ.

ಈಗ ದುಡ್ಡಿನ ಮಾತು. ಸಾಮಾನ್ಯ ಸರಕು ಒಯ್ಯುವ 10,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಬಾಡಿಗೆ ಟ್ರಕ್‌ಗೆ ಫೆಡರಲ್ ಕನಿಷ್ಠ 7.5 ಲಕ್ಷ ಡಾಲರ್. ಈ ಅಂಕಿ 1980ರ ಮೋಟರ್ ಕ್ಯಾರಿಯರ್ ಕಾಯ್ದೆಯ ಕಾಲದ್ದು. ಹೆಚ್ಚಿಸುವ ಪ್ರಸ್ತಾಪವನ್ನು ಎಫ್‌ಎಂಸಿಎಸ್‌ಎ ಒಮ್ಮೆ ಕೈಗೆತ್ತಿಕೊಂಡು 2017ರಲ್ಲಿ ಕೈಬಿಟ್ಟಿತು. ಆದರೆ ಮಾರುಕಟ್ಟೆ ಕಾಯ್ದೆಗಾಗಿ ಕಾಯಲಿಲ್ಲ. 10 ಲಕ್ಷ ಡಾಲರ್ ಹೊಣೆ ಇಲ್ಲದಿದ್ದರೆ ಲೋಡು ಹೊಂದಿಸಿಕೊಡುವ ಬಹುತೇಕ ಬ್ರೋಕರ್‌ಗಳು ಲೋಡೇ ಕೊಡುವುದಿಲ್ಲ. ಸರಕಿನ ವಿಮೆಯೂ ಹಾಗೇ. ಮನೆಸಾಮಾನು ಸಾಗಿಸುವವರನ್ನು ಬಿಟ್ಟು ಉಳಿದವರಿಗೆ 2011ರಿಂದ ಅದು ಫೆಡರಲ್ ಕಡ್ಡಾಯ ಅಲ್ಲ. ಆದರೂ ಬ್ರೋಕರ್ 1 ಲಕ್ಷ ಡಾಲರಿನದ್ದು ಕೇಳಿಯೇ ಕೇಳುತ್ತಾರೆ. ಇದರ ಮೇಲೆ ಟ್ರಕ್‌ನ ಬೆಲೆಗೆ ತಕ್ಕ ಹಾಗೆ ಸ್ವಂತ ಹಾನಿಯ ವಿಮೆ. ಎಲ್ಲ ಸೇರಿ, ಹೊಸ ಅಥಾರಿಟಿಯ ಒಂಟಿ ಟ್ರಕ್‌ಗೆ ವರ್ಷಕ್ಕೆ 12ರಿಂದ 20 ಸಾವಿರ ಡಾಲರ್ ಹೇಳುವುದು ಮಾಮೂಲು. ನಿಮ್ಮ 17 ಸಾವಿರ ಬೇಜಾರಿನ ಅಂಕಿ ಹೌದು, ಮೋಸದ ಅಂಕಿ ಅಲ್ಲ.

ಇಷ್ಟು ಯಾಕೆ? ದೊಡ್ಡ ಕಾರಣ ಎಂಸಿಎಸ್-90 ಅಂತ ನನ್ನ ಅಭಿಪ್ರಾಯ. ಪಾಲಿಸಿಗೆ ಅಂಟಿಸುವ ಎರಡು ಪುಟದ ಕಾಗದ ಅದು, ಹೆಚ್ಚಿನವರು ಓದುವುದೇ ಇಲ್ಲ. ಅಪಘಾತ ಮಾಡಿದ ಟ್ರಕ್ ಪಾಲಿಸಿಯ ಪಟ್ಟಿಯಲ್ಲಿ ಇಲ್ಲದಿದ್ದರೂ, ನೀವು ಷರತ್ತು ಮುರಿದಿದ್ದರೂ, ಬೇರೆ ದಾರಿ ಇಲ್ಲದಾಗ ಗಾಯಗೊಂಡ ಜನರಿಗೆ ಕೋರ್ಟು ವಿಧಿಸಿದ ಪರಿಹಾರವನ್ನು ಕನಿಷ್ಠ ಮಿತಿಯವರೆಗೆ ಕಂಪನಿ ಕೊಡಬೇಕು. ಆಮೇಲೆ ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡಬಹುದು. ನಮ್ಮ ಕಡೆ ಡ್ರೈವರ್ ಲೈಸೆನ್ಸ್ ಸರಿಯಿಲ್ಲದಾಗ ಕೋರ್ಟು "ಪೇ ಅಂಡ್ ರಿಕವರ್" ಅಂತ ಆದೇಶ ಮಾಡುತ್ತದಲ್ಲ, ಹೆಚ್ಚುಕಡಿಮೆ ಅದೇ. ಅಂದರೆ ಎಂಸಿಎಸ್-90 ಇರುವುದು ನಿಮ್ಮನ್ನು ಕಾಪಾಡಲು ಅಲ್ಲ, ರಸ್ತೆಯಲ್ಲಿರುವ ಬೇರೆಯವರನ್ನು ಕಾಪಾಡಲು. ಒಂಟಿ ಟ್ರಕ್‌ನ ಹೊಸಬರಿಂದ 7.5 ಲಕ್ಷ ಡಾಲರ್ ವಸೂಲಿ ಆಗುತ್ತದೆ ಅಂತ ಯಾವ ಕಂಪನಿಯೂ ನಂಬುವುದಿಲ್ಲ. ಆ ಅಪನಂಬಿಕೆಯ ಬೆಲೆ ನಿಮ್ಮ ಪ್ರೀಮಿಯಂನಲ್ಲಿ ಸೇರಿರುತ್ತದೆ.

ಇನ್ನೊಂದು ಕಾರಣ ಜ್ಯೂರಿ, ಅಂದರೆ ಕೋರ್ಟಿನಲ್ಲಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ. 2014ರ ಡಿಸೆಂಬರ್ 30ರಂದು ಟೆಕ್ಸಸ್‌ನ ಒಡೆಸ್ಸಾ ಬಳಿ ಮಂಜುಗಟ್ಟಿದ ಹೆದ್ದಾರಿಯಲ್ಲಿ ಒಂದು ಪಿಕಪ್ ನಿಯಂತ್ರಣ ತಪ್ಪಿ, ಮಧ್ಯದ ಪಟ್ಟಿ ದಾಟಿ, ಎದುರಿನಿಂದ ಬರುತ್ತಿದ್ದ ವರ್ನರ್ ಕಂಪನಿಯ ಟ್ರಕ್‌ಗೆ ಹೊಡೆಯಿತು. ಏಳು ವರ್ಷದ ಹುಡುಗ ತೀರಿಹೋದ. ಟ್ರಕ್ ತನ್ನ ಲೇನಿನಲ್ಲೇ ಇತ್ತು, ಆದರೆ ಆ ಹವೆಗೆ ವೇಗ ಜಾಸ್ತಿಯಾಯಿತು ಅನ್ನುವುದು ವಾದ. 2018ರಲ್ಲಿ ಹೂಸ್ಟನ್‌ನ ಜ್ಯೂರಿ ಸುಮಾರು 9 ಕೋಟಿ ಡಾಲರ್ ಪರಿಹಾರ ಹೇಳಿತು. 2025ರ ಜೂನ್‌ನಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಡುವೆ ಕಳೆದದ್ದು ಏಳು ವರ್ಷ. ವಿಮಾ ಕಂಪನಿಗಳು ದರ ಲೆಕ್ಕ ಹಾಕುವಾಗ ಇಂಥ ತೀರ್ಪು ಮುಂದೆಂದೋ ರದ್ದಾಗಬಹುದು ಅಂತ ರಿಯಾಯಿತಿ ಕೊಡುವುದಿಲ್ಲ.

ಅಣ್ಣನ ಲಾರಿಯ ಲೆಕ್ಕವೇ ಬೇರೆ. ಭಾರತದಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 40 ಟನ್ ದಾಟಿದ ಬಾಡಿಗೆ ಲಾರಿಗೂ 44,242 ರೂಪಾಯಿ, ಜಿಎಸ್‌ಟಿ ಬೇರೆ. ಹೊಸ ಮಾಲೀಕರಿಗೂ ಇಪ್ಪತ್ತು ವರ್ಷದ ಅನುಭವಿಗೂ ಒಂದೇ ದರ. ಪರಿಹಾರವನ್ನೂ ಜ್ಯೂರಿ ಅಲ್ಲ, ನ್ಯಾಯಮಂಡಳಿ ಸೂತ್ರ ಹಾಕಿ ಲೆಕ್ಕ ಮಾಡುತ್ತದೆ. ಅಮೆರಿಕದಲ್ಲಿ ಡ್ರೈವರ್ ವಯಸ್ಸು, ಲೈಸೆನ್ಸ್ ಸಿಕ್ಕಿ ಎಷ್ಟು ವರ್ಷ, ಟ್ರಕ್ ನಿಲ್ಲಿಸುವ ಊರು, ಎಷ್ಟು ಮೈಲಿ ಸುತ್ತಳತೆ, ಎಲ್ಲಕ್ಕೂ ಬೇರೆ ಬೇರೆ ರೇಟು. ಅನುಭವ ಎರಡು ವರ್ಷ ಆಗಿಲ್ಲದಿದ್ದರೆ ಕೆಲವರು ಕೊಟೇಶನ್ ಕೂಡ ಕೊಡುವುದಿಲ್ಲ. ಮೊದಲ ಎರಡು ವರ್ಷ ಬೇರೆ ಕ್ಯಾರಿಯರ್‌ಗೆ ಟ್ರಕ್ ಲೀಸ್ ಕೊಟ್ಟು ಓಡಿಸಿದರೆ ಹೊಣೆಯ ವಿಮೆಯೂ ಫೈಲಿಂಗೂ ಅವರದ್ದೇ. ನಿಮಗೆ ಸ್ವಂತ ಟ್ರಕ್‌ನ ಹಾನಿ ಮತ್ತು ಲೋಡಿಲ್ಲದೆ ಸ್ವಂತ ಕೆಲಸಕ್ಕೆ ಓಡಿಸುವಾಗಿನ ವಿಮೆ ಸಾಕು. ನೀವು ಆಗಲೇ ಅಥಾರಿಟಿಗೆ ಹಾಕಿಬಿಟ್ಟಿದ್ದೀರಿ. ಇನ್ನೂ ಹಾಕದವರಿಗೆ ನಾನು ಹೇಳುವುದು ಇದೇ ದಾರಿ.

ಕೊನೆಗೆ ಕಂತಿನ ವಿಷಯ. ಒಂದು ಕಂತು ತಪ್ಪಿದರೆ ಕಂಪನಿ ಎಫ್‌ಎಂಸಿಎಸ್‌ಎಗೆ ಬಿಎಂಸಿ-35 ಎಂಬ ರದ್ದತಿ ಫಾರ್ಮ್ ಹಾಕಿ 30 ದಿನದ ನೋಟಿಸ್ ಕೊಡಬಹುದು. ರಾಜ್ಯಕ್ಕೆ ಹೋಗುವುದು ಫಾರ್ಮ್ ಕೆ. ಅಷ್ಟರೊಳಗೆ ಹೊಸ ಫೈಲಿಂಗ್ ಬರದಿದ್ದರೆ ಅಥಾರಿಟಿ ರದ್ದು. ಮರಳಿ ಪಡೆಯಲು 80 ಡಾಲರ್ ಶುಲ್ಕ ಸಣ್ಣದು. ನಡುವೆ ವಿಮೆ ಇಲ್ಲದ ಆ ಕೆಲವು ದಿನ ನಿಮ್ಮ ದಾಖಲೆಯಲ್ಲಿ ಉಳಿದು ಮುಂದಿನ ಪ್ರೀಮಿಯಂ ಏರಿಸುತ್ತದೆ ನೋಡಿ, ಅದು ದೊಡ್ಡದು. ಕಂಪನಿ ಬದಲಾಯಿಸುವಾಗಲೂ ಅಷ್ಟೇ. ಹೊಸ ಕಂಪನಿಯ ಫೈಲಿಂಗ್ ಎಫ್‌ಎಂಸಿಎಸ್‌ಎ ವೆಬ್‌ಸೈಟಿನಲ್ಲಿ ಕಾಣುವ ತನಕ ಹಳೆಯದನ್ನು ರದ್ದು ಮಾಡಬೇಡಿ. ಏಜೆಂಟ್ "ಆಗಿದೆ ಸರ್" ಅಂದರೂ ನೀವೇ ಒಮ್ಮೆ ತೆರೆದು ನೋಡಿ.