ರಾಯಭಾರಿ ಎನ್ನಿಸಿಕೊಳ್ಳದ ರಾಯಭಾರಿ: ಗ್ಯುಂಟರ್ ಗೌಸ್ ಮತ್ತು ಎರಡು ಜರ್ಮನಿಗಳ ನಡುವಿನ ಕಚೇರಿ

1974ರ ಮೇ 2ರಂದು ಪೂರ್ವ ಬರ್ಲಿನ್ನಿನ ಹಾನೋವರ್ ರಸ್ತೆಯ ಕಟ್ಟಡವೊಂದರಲ್ಲಿ ಪಶ್ಚಿಮ ಜರ್ಮನಿಯ ಕಚೇರಿಯೊಂದು ಕೆಲಸ ಆರಂಭಿಸಿತು. ರಾಯಭಾರ ಕಚೇರಿಯಲ್ಲಿ ಏನೇನು ನಡೆಯುತ್ತದೆಯೋ ಅದೆಲ್ಲವೂ ಅಲ್ಲಿ ನಡೆಯಬೇಕಿತ್ತು. ಆದರೆ ಅದನ್ನು ರಾಯಭಾರ ಕಚೇರಿ ಎಂದು ಕರೆಯುವಂತಿರಲಿಲ್ಲ. ‘ಕಾಯಂ ಪ್ರಾತಿನಿಧ್ಯ’ ಎಂಬುದು ಅದರ ಅಧಿಕೃತ ಹೆಸರು. ಅದರ ಮುಖ್ಯಸ್ಥರಾಗಿ ಬಂದ 44 ವರ್ಷದ ಗ್ಯುಂಟರ್ ಗೌಸ್ ಕೂಡ ವಿದೇಶಾಂಗ ಸೇವೆಯಲ್ಲಿ ಪಳಗಿದವರಲ್ಲ. ಹಿಂದಿನ ವರ್ಷದವರೆಗೂ ಅವರು ‘ಡೆರ್ ಶ್ಪೀಗಲ್’ ವಾರಪತ್ರಿಕೆಯ ಪ್ರಧಾನ ಸಂಪಾದಕರಾಗಿದ್ದರು.

ಆ ವಿಚಿತ್ರ ಹೆಸರಿನ ಹಿಂದೆ ಇಪ್ಪತ್ತೈದು ವರ್ಷಗಳ ಜಗಳವಿತ್ತು. 1949ರಲ್ಲಿ ಎರಡು ಜರ್ಮನಿಗಳು ಸ್ಥಾಪನೆಯಾದಂದಿನಿಂದ, ಸಮಸ್ತ ಜರ್ಮನರ ಪರವಾಗಿ ಮಾತನಾಡುವ ಹಕ್ಕು ತನಗೆ ಮಾತ್ರ ಇದೆಯೆಂದು ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನಲ್ಲಿದ್ದ ಸರ್ಕಾರ ಹಟ ಹಿಡಿದಿತ್ತು. 1955ರಲ್ಲಿ ಈ ಹಟವೇ ‘ಹಾಲ್‌ಸ್ಟೈನ್ ಸಿದ್ಧಾಂತ’ ಎಂಬ ನೀತಿಯಾಯಿತು: ಪೂರ್ವ ಜರ್ಮನಿಗೆ ಮಾನ್ಯತೆ ಕೊಟ್ಟ ದೇಶದೊಂದಿಗೆ ಬಾನ್ ಸಂಬಂಧ ಕಡಿದುಕೊಳ್ಳುತ್ತಿತ್ತು. 1957ರಲ್ಲಿ ಯುಗೋಸ್ಲಾವಿಯಾಕ್ಕೂ 1963ರಲ್ಲಿ ಕ್ಯೂಬಾಕ್ಕೂ ಅದರ ಬಿಸಿ ತಟ್ಟಿತು. ಭಾರತ ಕೂಡ 1972ರ ಅಕ್ಟೋಬರ್‌ವರೆಗೆ ಪೂರ್ವ ಜರ್ಮನಿಗೆ ಪೂರ್ಣ ಮಾನ್ಯತೆ ಕೊಟ್ಟಿರಲಿಲ್ಲ.

1969ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆದ ವಿಲ್ಲಿ ಬ್ರಾಂಡ್ಟ್ ಈ ಗಂಟನ್ನು ಸಡಿಲಿಸಲು ಹೊರಟರು. ಅವರ ಆಪ್ತ ಎಗೊನ್ ಬಾರ್ ನಡೆಸಿದ ಮಾತುಕತೆಯ ಫಲವಾಗಿ 1972ರ ಡಿಸೆಂಬರ್ 21ರಂದು ‘ಮೂಲ ಒಪ್ಪಂದ’ಕ್ಕೆ ಸಹಿ ಬಿತ್ತು, ಅದರ ಎಂಟನೆಯ ವಿಧಿ ಪರಸ್ಪರ ಕಾಯಂ ಪ್ರಾತಿನಿಧ್ಯಗಳ ವಿನಿಮಯಕ್ಕೆ ದಾರಿ ಮಾಡಿತು. ಮರುವರ್ಷ ಜುಲೈನಲ್ಲಿ ಪಶ್ಚಿಮದ ಸಂವಿಧಾನ ನ್ಯಾಯಾಲಯವು ಒಪ್ಪಂದವನ್ನು ಎತ್ತಿಹಿಡಿಯಿತಾದರೂ, ಪೂರ್ವ ಜರ್ಮನಿಯನ್ನು ಪರದೇಶವೆಂದು ಭಾವಿಸಲಾಗದು ಎಂದು ಸ್ಪಷ್ಟಪಡಿಸಿತು. ಪೂರ್ವದವರಿಗೋ ತಾವು ಪರದೇಶವೆಂದು ಒಪ್ಪಿಸುವುದೇ ಬೇಕಾಗಿತ್ತು. ಹೀಗಾಗಿ ಬಾನ್‌ನಲ್ಲಿದ್ದ ಪೂರ್ವದ ಪ್ರತಿನಿಧಿ ವಿದೇಶಾಂಗ ಸಚಿವಾಲಯದ ಬದಲು ಚಾನ್ಸಲರ್ ಕಚೇರಿಯೊಡನೆ ವ್ಯವಹರಿಸಬೇಕಾಯಿತು. ಪೂರ್ವ ಬರ್ಲಿನ್ನಿನಲ್ಲಿ ಗೌಸ್ ಮಾತ್ರ ಅಲ್ಲಿನ ವಿದೇಶಾಂಗ ಸಚಿವಾಲಯದ ಮೆಟ್ಟಿಲನ್ನೇ ಹತ್ತಬೇಕಾಗಿತ್ತು. ಒಂದೇ ಸಂಬಂಧವನ್ನು ಎರಡು ಕಡೆಯವರೂ ತಮಗೆ ಬೇಕಾದಂತೆ ಓದಿಕೊಳ್ಳಲು ಬಿಟ್ಟ ಏರ್ಪಾಡು ಅದು.

ಇಂಥ ಹುದ್ದೆಗೆ ಪತ್ರಕರ್ತನನ್ನು ಆರಿಸಿದ್ದು ಆಕಸ್ಮಿಕವಲ್ಲ. 1929ರ ನವೆಂಬರ್ 23ರಂದು ಬ್ರೌನ್‌ಷ್ವೈಗ್ ನಗರದ ಹಣ್ಣು–ತರಕಾರಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದ ಗೌಸ್, ಮ್ಯೂನಿಕ್‌ನಲ್ಲಿ ಓದಿ, ಹಲವು ಪತ್ರಿಕೆಗಳಲ್ಲಿ ದುಡಿದು, 1963ರಲ್ಲಿ ಟೆಲಿವಿಷನ್ನಿನ ‘ವ್ಯಕ್ತಿಯ ಕುರಿತು’ ಎಂಬರ್ಥದ ಸಂದರ್ಶನ ಮಾಲಿಕೆಯಿಂದ ದೇಶಕ್ಕೆಲ್ಲ ಪರಿಚಿತರಾದರು. ಆ ಕಾರ್ಯಕ್ರಮದಲ್ಲಿ ಕ್ಯಾಮೆರಾ ಅತಿಥಿಯ ಮುಖದ ಮೇಲೆಯೇ ನಿಲ್ಲುತ್ತಿತ್ತು. ಪ್ರಶ್ನೆ ಕೇಳುವವರದು ಕಂಡರೆ ತಲೆಯ ಹಿಂಭಾಗವಷ್ಟೇ. ಜರ್ಮನ್ ಟೀವಿಯಲ್ಲೇ ಅತ್ಯಂತ ಪ್ರಸಿದ್ಧ ಹಿಂದಲೆ ಎಂದು ಜನ ತಮಾಷೆ ಮಾಡುತ್ತಿದ್ದರು. (ನಿರೂಪಕರ ದನಿಯೇ ಎಲ್ಲರಿಗಿಂತ ಮೇಲೇಳುವ ನಮ್ಮ ರಾತ್ರಿ ಚರ್ಚೆಗಳನ್ನು ನೋಡುವವರಿಗೆ ಇದನ್ನು ಊಹಿಸುವುದು ಕಷ್ಟ.) 1964ರ ಅಕ್ಟೋಬರ್‌ನಲ್ಲಿ ಜರ್ಮನ್ ಮೂಲದ ಚಿಂತಕಿ ಹಾನಾ ಅರೆಂಟ್ ಜೊತೆ ನಡೆಸಿದ ಸಂಭಾಷಣೆಯನ್ನು ಜನ ಇಂದಿಗೂ ನೋಡುತ್ತಾರೆ. ಗೌಸ್ ಆರಂಭದಲ್ಲೇ ಅವರನ್ನು ತತ್ತ್ವಜ್ಞಾನಿಯೆಂದು ಕರೆದಾಗ ಅರೆಂಟ್ ಅದನ್ನು ತಳ್ಳಿಹಾಕಿ, ತಮ್ಮದು ರಾಜಕೀಯ ಸಿದ್ಧಾಂತವೆಂದು ತಿದ್ದುತ್ತಾರೆ. ಗೌಸ್ ಕೆರಳುವುದೂ ಇಲ್ಲ, ಸುಮ್ಮನೆ ಒಪ್ಪಿ ಮುಂದೆ ಸಾಗುವುದೂ ಇಲ್ಲ. ಆ ವ್ಯತ್ಯಾಸವನ್ನೇ ಹಿಡಿದು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡೂ ತನ್ನ ಪಟ್ಟು ಬಿಡದ ಈ ಅಭ್ಯಾಸವೇ ಮುಂದೆ ಸಂಧಾನದ ಮೇಜಿನಲ್ಲಿ ಅವರ ಬಂಡವಾಳವಾಯಿತು ಎಂದು ನನಗನ್ನಿಸುತ್ತದೆ.

1969ರಿಂದ ‘ಶ್ಪೀಗಲ್’ ಸಂಪಾದಕರಾಗಿ ಬ್ರಾಂಡ್ಟ್ ಅವರ ಪೂರ್ವ ನೀತಿಯನ್ನು ಬೆಂಬಲಿಸಿದ ಗೌಸ್, 1973ರಲ್ಲಿ ಚಾನ್ಸಲರ್ ಕಚೇರಿಗೆ ಸೇರಿದರು. ಆದರೆ ಅವರ ಕಚೇರಿ ತೆರೆಯುವ ಎಂಟು ದಿನ ಮೊದಲು, ಬ್ರಾಂಡ್ಟ್ ಅವರ ಸಹಾಯಕ ಗ್ಯುಂಟರ್ ಗಿಯೋಮ್ ಪೂರ್ವ ಜರ್ಮನಿಯ ಗೂಢಚಾರನೆಂದು ಬಂಧಿತನಾಗಿದ್ದ. ತೆರೆದ ವಾರದೊಳಗೆ ಬ್ರಾಂಡ್ಟ್ ರಾಜೀನಾಮೆ ಕೊಟ್ಟರು. ಯಾರು ತನ್ನನ್ನು ಕಳುಹಿಸಿದರೋ ಅವರನ್ನೇ ಕೆಡವಿದ ಸರ್ಕಾರದೊಂದಿಗೆ ಗೌಸ್ ಮಾತುಕತೆಗೆ ಕೂರಬೇಕಾಯಿತು.

ಆದರೂ 1981ರವರೆಗಿನ ಅವಧಿಯಲ್ಲಿ ಅವರು ಒಟ್ಟು 17 ಒಪ್ಪಂದಗಳಿಗೆ ಸಂಧಾನ ನಡೆಸಿದರು. 1978ರ ನವೆಂಬರ್‌ನಲ್ಲಿ ಸಹಿಯಾದ ಬರ್ಲಿನ್–ಹ್ಯಾಂಬರ್ಗ್ ಹೆದ್ದಾರಿಯ ಒಪ್ಪಂದ ಅವುಗಳಲ್ಲೊಂದು. ರಸ್ತೆ, ಕಾಲುವೆ, ಪ್ರಯಾಣ ಪರವಾನಗಿ ಇವೆಲ್ಲ ಸಣ್ಣ ಸಂಗತಿಗಳಂತೆ ಕಾಣಬಹುದು. ಬರ್ಲಿನ್ ಗೋಡೆಯ ಆಚೆ ತಾಯಿಯೋ ತಂಗಿಯೋ ಇದ್ದವರಿಗೆ ಮಾತ್ರ ರಾಷ್ಟ್ರೀಯ ಏಕತೆಯ ಭಾಷಣಗಳಿಗಿಂತ ಇವೇ ದೊಡ್ಡವು.

ಅಲ್ಲಿನ ಅನುಭವದಿಂದ ಗೌಸ್ ಪೂರ್ವ ಜರ್ಮನಿಯನ್ನು ‘ಗೂಡುಗಳ ಸಮಾಜ’ ಎಂದು ಬಣ್ಣಿಸಿದರು. ಗೋಡೆಯಲ್ಲಿ ದೀಪವಿಡಲು ಬಿಟ್ಟ ಗೂಡಿನಂತೆ, ಪಕ್ಷ ಮತ್ತು ಸರ್ಕಾರದ ಕಣ್ಣಿನಿಂದ ತುಸು ಸರಿದು, ಸ್ನೇಹಿತರ ಅಡುಗೆಮನೆಯಲ್ಲೋ ಊರಾಚೆಯ ತೋಟದಲ್ಲೋ ಜನ ತಮ್ಮದೇ ಬದುಕನ್ನು ಕಟ್ಟಿಕೊಂಡಿದ್ದರು ಎಂಬುದು ಅದರ ತಾತ್ಪರ್ಯ. ಈ ಮಾತು ಇತಿಹಾಸಕಾರರ ಬಳಕೆಯಲ್ಲಿ ಉಳಿದಿದೆ. ಅಲ್ಲಿನ ದಮನವನ್ನು ಅವರು ಹಗುರವಾಗಿ ಕಂಡರೆಂಬ ಟೀಕೆಯೂ ಉಳಿದಿದೆ, ಅದನ್ನು ಪೂರ್ತಿ ಅಲ್ಲಗಳೆಯಲಾಗದು. 1981ರ ಆರಂಭದಲ್ಲಿ, ‘ರಾಷ್ಟ್ರ’ ಎಂಬ ಪರಿಕಲ್ಪನೆಯನ್ನೇ ಬಹುಶಃ ಕೈಬಿಡಬೇಕಾದೀತು ಎಂದು ಅವರು ಸಂದರ್ಶನವೊಂದರಲ್ಲಿ ಹೇಳಿದಾಗ ಪಶ್ಚಿಮದಲ್ಲಿ ದೊಡ್ಡ ಗದ್ದಲವೆದ್ದಿತು. ಅಷ್ಟರಲ್ಲಾಗಲೇ ಚಾನ್ಸಲರ್ ಹೆಲ್ಮುಟ್ ಶ್ಮಿಟ್, ಗೌಸ್ ಅವರ ಜಾಗಕ್ಕೆ ಕ್ಲೌಸ್ ಬೋಲಿಂಗ್ ಅವರನ್ನು ಆರಿಸಿದ್ದರು. ಬೋಲಿಂಗ್ ಕೂಡ ಮಾಜಿ ಪತ್ರಕರ್ತರೇ.

ಗೌಸ್ ಅವರ ಸಕ್ರಿಯ ರಾಜಕಾರಣ ತೀರ ಚಿಕ್ಕದು. 1976ರಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದ್ದ ಅವರು 1981ರಲ್ಲಿ ಕೆಲವೇ ತಿಂಗಳು ಪಶ್ಚಿಮ ಬರ್ಲಿನ್ನಿನ ವಿಜ್ಞಾನ ಸಚಿವರಾಗಿದ್ದರು. ಚುನಾವಣೆಯಲ್ಲಿ ಪಕ್ಷ ಸೋತು ಅಧಿಕಾರ ಹೋಯಿತು.

ಗೋಡೆ ಬಿದ್ದ ಮೇಲೆ, 1990ರ ಅಕ್ಟೋಬರ್ 2ರಂದು, ಹಾನೋವರ್ ರಸ್ತೆಯ ಕಚೇರಿಗೆ ಕೆಲಸವಿಲ್ಲದಾಯಿತು. ಗೌಸ್ ತಮ್ಮ ಹಳೆಯ ಕುರ್ಚಿಗೆ ಮರಳಿದರು. ಈ ಬಾರಿ ಎದುರು ಕೂತವರಲ್ಲಿ ಪೂರ್ವದವರೂ ಅನೇಕರಿದ್ದರು. 1991ರಲ್ಲಿ ಅಂಥವರಲ್ಲೊಬ್ಬರಾಗಿ ಬಂದವರು ಆಂಗೆಲಾ ಮರ್ಕೆಲ್ ಎಂಬ ಹೊಸ ಸಚಿವೆ. 2004ರ ಮೇ 14ರಂದು ಹ್ಯಾಂಬರ್ಗ್‌ನಲ್ಲಿ ತೀರಿಕೊಳ್ಳುವ ಕೆಲಕಾಲ ಮೊದಲಿನವರೆಗೂ ಅವರು ಹಾಗೆಯೇ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಪ್ರಶ್ನೆ ಕೇಳುತ್ತಿದ್ದರು.