ಕ್ರೇಟಿಗೆ ಟ್ಯಾಗ್ ಹಾಕಿದರೆ ಟೊಮೆಟೊ ಯಾರ ಹೊಲದ್ದೆಂದು ತಿಳಿಯುತ್ತದೆಯೇ?

ಪ್ರಶ್ನೆ: ಕೋಲಾರದ ಕಡೆ ನಮ್ಮದೊಂದು ರೈತ ಉತ್ಪಾದಕರ ಕಂಪನಿ. ಬೆಂಗಳೂರಿನ ಅಂಗಡಿಗಳಿಗೆ ಟೊಮೆಟೊ ಕಳಿಸುತ್ತೇವೆ. ಕ್ರೇಟುಗಳಿಗೆ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೊ ತರಂಗದಿಂದ ದೂರದಿಂದಲೇ ಓದಿಸಬಹುದಾದ ಗುರುತು ಚೀಟಿ) ಹಾಕಿಸಿದರೆ, ದೂರು ಬಂದಾಗ ಮಾಲು ಯಾರ ಹೊಲದ್ದೆಂದು ಹಿಡಿಯಬಹುದೇ?

ಉತ್ತರ: ಹಿಡಿಯಬಹುದು, ಆದರೆ ಬರೀ ಟ್ಯಾಗಿನಿಂದ ಅಲ್ಲ. ಟ್ಯಾಗಿನೊಳಗೆ ಇರುವುದು ಒಂದು ನಂಬರ್, ಸಾಮಾನ್ಯವಾಗಿ 96 ಬಿಟ್‌ನದು. ಅದು ಯಾವ ಹೊಲಕ್ಕೆ ಸೇರಿದ್ದೆಂದು ಹೇಳಬೇಕಾದ್ದು ನಿಮ್ಮ ದಾಖಲೆ. ಆ ದಾಖಲೆ ಹೊಲದ ಬದುವಿನಲ್ಲೇ ಆಗಬೇಕು: ಕ್ರೇಟ್ ತುಂಬಿದ ಕೂಡಲೇ ಕೈಯಲ್ಲಿ ಹಿಡಿಯುವ ರೀಡರ್‌ನಿಂದ ಓದಿಸಿ, ರೈತರ ಕೋಡ್, ತಾಕು, ಬಿಡಿಸಿದ ತಾರೀಕು ಸೇರಿಸಿ. ಸಂಜೆ ಶೆಡ್ಡಿನಲ್ಲಿ ಕೂತು ನೆನಪಿನಿಂದ ತುಂಬಿದ್ದು ನಂಬಿಕೆಗೆ ಅರ್ಹವಲ್ಲ.

ನಿಮಗೆ ಬೇಕಾದ್ದು ಬ್ಯಾಟರಿ ಇಲ್ಲದ ಯುಎಚ್‌ಎಫ್ (ಅತಿ ಹೆಚ್ಚು ಆವರ್ತನದ ರೇಡಿಯೊ ತರಂಗ ಬಳಸುವ) ಟ್ಯಾಗ್. ವಾಹನಗಳ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. ರೀಡರ್ ಭಾರತಕ್ಕೆ ಹೊಂದುವ 865–868 ಮೆಗಾಹರ್ಟ್ಸ್‌ನದಾಗಿರಲಿ. 902–928ರ ಅಮೆರಿಕದ ಮಾದರಿ ಅಗ್ಗಕ್ಕೆ ಸಿಕ್ಕರೂ ಬೇಡ.

ಈ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ. ಟೊಮೆಟೊ ತೂಕದಲ್ಲಿ ಶೇ 90ಕ್ಕೂ ಹೆಚ್ಚು ನೀರೇ. ಹಾಗಾಗಿ 15 ಕೆ.ಜಿ. ಕ್ರೇಟುಗಳನ್ನು ದಟ್ಟವಾಗಿ ಪೇರಿಸಿ ಗೇಟ್ (ದಾಟುವಾಗ ಟ್ಯಾಗುಗಳನ್ನು ತಾನೇ ಓದುವ, ಆಂಟೆನಾ ಇರುವ ಚೌಕಟ್ಟು) ದಾಟಿಸಿದರೆ ಮಧ್ಯದವು ಓದಿಸಿಕೊಳ್ಳುವುದೇ ಇಲ್ಲ. ಟ್ಯಾಗನ್ನು ಹಣ್ಣು ತಾಗುವ ಕಡೆ ಅಂಟಿಸಬೇಡಿ. ಹಿಡಿಕೆಯ ಪಕ್ಕ, ಮೇಲಂಚಿನ ಹೊರಮೈಗೆ ಹಾಕಿ. ಎದುರುಬದಿರು ಎರಡು ಟ್ಯಾಗ್ ಹಾಕಿ ಎರಡನ್ನೂ ಒಂದೇ ಕ್ರೇಟಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಗೇಟಿನ ಎರಡೂ ಬದಿಗೆ ಎರಡೆರಡು ಆಂಟೆನಾ ಇಟ್ಟು, ಅಗಲಕ್ಕೆ ಎರಡೇ ಕ್ರೇಟ್ ಬರುವಂತೆ ಪೇರಿಸಿ. ಆಗ ಪ್ರತಿ ಕ್ರೇಟಿನ ಒಂದು ಮುಖವಾದರೂ ಆಂಟೆನಾ ಕಡೆಗಿರುತ್ತದೆ. ಶಕ್ತಿ ಜಾಸ್ತಿ ಮಾಡಿದರೆ ಪಕ್ಕದಲ್ಲಿ ನಿಂತ ಲಾರಿಯ ಕ್ರೇಟುಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಏರಿಸಿದ್ದು 60, ಓದಿದ್ದು 57 ಎಂದರೆ ಲಾರಿ ಬಿಡುವ ಮೊದಲೇ ಉಳಿದ ಮೂರನ್ನು ಕೈಯಿಂದ ಓದಿಸಿ. ಟ್ಯಾಗ್ ಕೆಟ್ಟಾಗ ಕೆಲಸ ನಿಲ್ಲದಂತೆ ಅದೇ ನಂಬರನ್ನು ಕ್ರೇಟಿನ ಮೇಲೆ ಕ್ಯೂಆರ್ ಕೋಡ್ ಆಗಿಯೂ ಅಂಕಿಯಲ್ಲೂ ಅಚ್ಚು ಹಾಕಿಸಿ.

ಸುಳಿವು ನಿಜವಾಗಿ ತಪ್ಪುವುದು ಗ್ರೇಡಿಂಗ್‌ನಲ್ಲಿ. ನಾಲ್ವರು ರೈತರ ಮಾಲು ಒಂದೇ ಮೇಜಿಗೆ ಸುರಿದರೆ, ಹೊರಬಂದ ಕ್ರೇಟ್ ನಾಲ್ವರದೂ ಹೌದು. 2006ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿದಾಗ ಪೊಟ್ಟಣದ ಕೋಡ್ ಹಿಡಿದು ಪೊಟ್ಟಣ ಕಟ್ಟಿದ ಘಟಕದ ಆಗಸ್ಟ್ 15ರ ಒಂದು ಪಾಳಿಯವರೆಗೆ ತಲುಪಿದರು. ಅಲ್ಲಿಂದ ಹಿಂದೆ ಹೋದರೆ ಕ್ಯಾಲಿಫೋರ್ನಿಯಾದ ನಾಲ್ಕು ಹೊಲಗಳು. ಕೋಡ್ ಸರಿಯಾಗಿಯೇ ಇತ್ತು, ಸೊಪ್ಪು ಬೆರೆತಿತ್ತು.

ಆದ್ದರಿಂದ ಒಬ್ಬ ರೈತರ ಮಾಲು ಮುಗಿಸಿ, ಮೇಜು ಖಾಲಿ ಮಾಡಿ, ಆಮೇಲೆ ಮುಂದಿನವರದು ಸುರಿಯಿರಿ. ಪ್ರತಿ ಸರದಿಗೂ ಒಳಹೋದ ಕ್ರೇಟುಗಳ ನಂಬರು, ಹೊರಬಂದವುಗಳ ನಂಬರು ಬರೆದಿಡಿ. ಒಳಹೋದ ತೂಕವು ಹೊರಬಂದ ಮಾಲು ಮತ್ತು ತೆಗೆದುಹಾಕಿದ ಕೊಳೆ ಹಣ್ಣು ಸೇರಿ ಬರುವ ತೂಕಕ್ಕೆ ತಾಳೆಯಾಗಬೇಕು. ಹೊರಬಂದದ್ದು ಹೆಚ್ಚಾಗಿ ಕಂಡರೆ ಬೇರೆಯವರ ಮಾಲು ಸೇರಿದೆ ಎಂದೇ ಅನುಮಾನಿಸಿ. ಇದಕ್ಕೆ ಸಮಯ ಹಿಡಿಯುತ್ತದೆ, ಹಮಾಲರು ಗೊಣಗುತ್ತಾರೆ. ಆದರೂ ಇದನ್ನು ಬಿಟ್ಟರೆ ಟ್ಯಾಗಿಗೆ ಸುರಿದ ದುಡ್ಡು ದಂಡ.

ಇನ್ನೊಂದು ತಪ್ಪು ಬಹಳ ಕಡೆ ಆಗುತ್ತದೆ. ಕ್ರೇಟ್ ಮತ್ತೆ ಮತ್ತೆ ಬಳಕೆಯಾಗುತ್ತದೆ, ಅದರ ನಂಬರ್ ಮಾತ್ರ ಬದಲಾಗುವುದಿಲ್ಲ. ಖಾಲಿ ಕ್ರೇಟ್ ತೊಳೆಯಲು ಬಂದಾಗ ಹಳೆಯ ಜೋಡಣೆಯನ್ನು ಮುಗಿಸದಿದ್ದರೆ ಹೊಸ ಹಣ್ಣಿಗೆ ಹಿಂದಿನ ರೈತರ ಹೆಸರೇ ಅಂಟಿರುತ್ತದೆ. ತೊಳೆಯುವ ಜಾಗದಲ್ಲೂ ಒಂದು ರೀಡರ್ ಇರಲಿ. ಅಂಟಿನ ಲೇಬಲ್ ಬಿಸಿನೀರಿಗೆ ಕಿತ್ತು ಬರುವುದರಿಂದ ರಿವಿಟ್ ಹೊಡೆಯುವ ಗಟ್ಟಿ ಟ್ಯಾಗನ್ನೇ ಆರಿಸಿ.

ಗೇಟ್ ಕೊಳ್ಳುವ ಮೊದಲು ಕೆಲವು ವಾರ ಕ್ಯೂಆರ್ ಮತ್ತು ಮೊಬೈಲಿನಲ್ಲೇ ಇದೆಲ್ಲ ನಡೆಸಿ ನೋಡಿ. ಅಂಗಡಿಯಲ್ಲಿರುವ ಯಾವುದಾದರೂ ಒಂದು ಕ್ರೇಟ್ ಹಿಡಿದು, ತಾಕಿನವರೆಗೆ ಹಿಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಡೆಯಿತು ಎಂದು ಗುರುತು ಹಾಕಿಕೊಳ್ಳಿ. ಮೊದಲ ರೀಡರ್ ಬೇಕಾಗುವುದು ಆ ತಡೆದ ಜಾಗಕ್ಕೆ.