ಗೆಸ್ಟ್ ಟೂಲ್ಸ್ ತಾನಾಗಿಯೇ ಅಪ್‌ಗ್ರೇಡ್ ಆಗಲಿ, ಆದರೆ ಯಾವಾಗ?

ಒಂದೇ ಸರ್ವರಿನಲ್ಲಿ ಹತ್ತಾರು ವರ್ಚುವಲ್ ಮೆಷಿನ್‌ಗಳು, ಅಂದರೆ ಸಾಫ್ಟ್‌ವೇರ್ ಕಟ್ಟಿಕೊಡುವ ಕಂಪ್ಯೂಟರುಗಳು, ಓಡುತ್ತಿದ್ದರೂ ಪ್ರತಿಯೊಂದರ ಆಪರೇಟಿಂಗ್ ಸಿಸ್ಟಮ್ ತಾನಿರುವುದು ನಿಜವಾದ ಕಂಪ್ಯೂಟರಿನಲ್ಲಿ ಎಂಬಂತೆಯೇ ವರ್ತಿಸುತ್ತದೆ. ಹೊರಗಿನ ಹೋಸ್ಟಿಗೂ (ಮೆಷಿನ್‌ಗಳನ್ನು ಹೊತ್ತ ಸರ್ವರ್) ಒಳಗಿನ ಗೆಸ್ಟಿಗೂ (ಮೆಷಿನ್‌ನೊಳಗಿನ ಆಪರೇಟಿಂಗ್ ಸಿಸ್ಟಮ್) ಮಾತುಕತೆ ಇರಲೆಂದು ಒಳಗೊಂದು ಸಾಫ್ಟ್‌ವೇರ್ ಕಂತೆ ಹಾಕುತ್ತಾರೆ, ಅದೇ ಗೆಸ್ಟ್ ಟೂಲ್ಸ್. ಇಂಥ ಮೆಷಿನ್‌ಗಳನ್ನು ಓಡಿಸುವ ಸಾಫ್ಟ್‌ವೇರ್‌ಗಳ ಪೈಕಿ ವಿಎಂವೇರ್‌ನಲ್ಲಿ ಅದು ವಿಎಂವೇರ್ ಟೂಲ್ಸ್, ವರ್ಚುವಲ್‌ಬಾಕ್ಸ್‌ನಲ್ಲಿ ಗೆಸ್ಟ್ ಅಡಿಷನ್ಸ್.

ಅದರಲ್ಲಿರುವ ಬಲೂನ್ ಡ್ರೈವರ್ ಎಂಬ ಪುಟ್ಟ ಸಾಫ್ಟ್‌ವೇರನ್ನೇ ನೋಡಿ. ಹೋಸ್ಟಿನಲ್ಲಿ ಮೆಮೊರಿ ಸಾಲದೆ ಬಂದಾಗ ಯಾವ ಗೆಸ್ಟಿನ ಯಾವ ಭಾಗ ಕಿತ್ತುಕೊಂಡರೆ ನಷ್ಟವಿಲ್ಲ ಎಂಬುದು ಹೋಸ್ಟಿಗೆ ಕಾಣುವುದಿಲ್ಲ. ಆಗ ಈ ಡ್ರೈವರ್ ಗೆಸ್ಟಿನ ಒಳಗೇ ಮೆಮೊರಿ ಕೇಳುತ್ತಾ ಉಬ್ಬುತ್ತದೆ. ಗೆಸ್ಟ್ ತನಗೆ ಅಷ್ಟೇನೂ ಬೇಡವಾದದ್ದನ್ನು ತಾನೇ ಆರಿಸಿ ಬಿಟ್ಟುಕೊಡುತ್ತದೆ, ಅದು ಹೋಸ್ಟಿನ ಪಾಲಾಗುತ್ತದೆ. ವಿಎಂವೇರ್‌ನಲ್ಲಿದ್ದ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರ ಪ್ರಬಂಧದಲ್ಲಿ ವಿವರಿಸಿದ ಈ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ನೆಟ್‌ವರ್ಕ್, ಡಿಸ್ಕ್, ಡಿಸ್‌ಪ್ಲೇ ಡ್ರೈವರ್‌ಗಳೂ ಇದೇ ಕಂತೆಯಲ್ಲಿ ಇರುವುದರಿಂದ ಅಪ್‌ಗ್ರೇಡ್ ಸಣ್ಣ ಕೆಲಸವಲ್ಲ. ನೆಟ್‌ವರ್ಕ್ ಡ್ರೈವರ್ ಬದಲಾಗುವ ಹೊತ್ತಿಗೆ ಸಂಪರ್ಕ ಕೆಲ ಕ್ಷಣ ಕಡಿಯಬಹುದು. ವಿಂಡೋಸ್ ಗೆಸ್ಟ್ ರೀಬೂಟ್ ಕೇಳಲೂಬಹುದು. ನೂರಾರು ಮೆಷಿನ್‌ಗಳಿಗೆ ಇದನ್ನು ಕೈಯಾರೆ ಮಾಡುತ್ತಾ ಕೂರಲಾಗದು. ಅದಕ್ಕೇ ವಿಎಂವೇರ್‌ನ ಸರ್ವರ್ ಸಾಫ್ಟ್‌ವೇರ್ ಆದ ವಿಸ್ಫಿಯರ್‌ನಲ್ಲಿ ಪ್ರತಿ ಮೆಷಿನ್‌ಗೂ ಒಂದು ಆಯ್ಕೆ ಇದೆ: ಪವರ್ ಆನ್ ಆಗುವಾಗಲೆಲ್ಲ ಟೂಲ್ಸ್ ಆವೃತ್ತಿ ಪರೀಕ್ಷಿಸು, ಹಳತಾಗಿದ್ದರೆ ಅಪ್‌ಗ್ರೇಡ್ ಮಾಡು. ಮೆಷಿನ್ ಹೇಗೂ ನಿಂತು ಏಳುತ್ತಿರುತ್ತದೆ, ಇನ್ನೊಂದು ರೀಬೂಟ್ ಬಂದರೂ ಕೆಲಸದ ನಡುವೆ ಯಾರಿಗೂ ಅಡ್ಡಿಯಾಗದು. ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ತೋಚುವುದಿಲ್ಲ.

ಹಾಗೆಂದು ಎಲ್ಲಕ್ಕೂ ಒಂದೇ ಸಲ ಟಿಕ್ ಹಾಕುವುದು ಬೇಡ. 2018ರಲ್ಲಿ ವಿಎಂವೇರ್ ಟೂಲ್ಸ್ 10.3.0 ಆವೃತ್ತಿಯನ್ನು ಕಂಪನಿಯೇ ಹಿಂತೆಗೆದುಕೊಳ್ಳಬೇಕಾಯಿತು. ಅದರ ನೆಟ್‌ವರ್ಕ್ ಡ್ರೈವರಿನ ದೋಷದಿಂದ, ಹೋಸ್ಟಿನಲ್ಲಿ ಓಡುವ ವಿಎಂವೇರ್ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐನ 6.5 ಆವೃತ್ತಿಯಲ್ಲಿ ಗೆಸ್ಟಿನ ಸಂಪರ್ಕ ಕಡಿಯುವ, ಹೋಸ್ಟೇ ಕುಸಿಯುವ ಅಪಾಯವಿತ್ತು. ಒಂದು ಗೆಸ್ಟಿನ ಡ್ರೈವರ್ ಇಡೀ ಹೋಸ್ಟನ್ನು ಬೀಳಿಸಿದರೆ ಅದರ ಮೇಲಿದ್ದ ಉಳಿದ ಮೆಷಿನ್‌ಗಳೂ ಜೊತೆಗೇ ಬೀಳುತ್ತವೆ. ಆದ್ದರಿಂದ ಹೊಸ ಆವೃತ್ತಿ ಮೊದಲು ಪರೀಕ್ಷೆಗಿಟ್ಟ ಕೆಲವು ಮೆಷಿನ್‌ಗಳಲ್ಲಿ ಕೆಲವು ದಿನ ಓಡಲಿ. ಡೇಟಾಬೇಸ್ ಸರ್ವರ್‌ಗಳನ್ನು ಈ ಆಯ್ಕೆಯಿಂದ ಹೊರಗಿಟ್ಟು, ಸಮಯ ಗೊತ್ತುಮಾಡಿ, ಬ್ಯಾಕಪ್ ತೆಗೆದುಕೊಂಡು ಕೈಯಾರೆ ಮಾಡುವುದೇ ಸರಿ.

ವರ್ಚುವಲ್ ಹಾರ್ಡ್‌ವೇರ್, ಅಂದರೆ ಗೆಸ್ಟಿಗೆ ಕಾಣುವ ಕೃತಕ ಯಂತ್ರಭಾಗಗಳ, ಆವೃತ್ತಿಯನ್ನೂ ಏರಿಸುವುದಿದ್ದರೆ ಮೊದಲು ಟೂಲ್ಸ್, ಆಮೇಲೆ ಹಾರ್ಡ್‌ವೇರ್. ಕ್ರಮ ತಪ್ಪಿದರೆ ಹೊಸ ಹಾರ್ಡ್‌ವೇರಿಗೆ ಬೇಕಾದ ಡ್ರೈವರ್ ಒಳಗಿರದೆ ಗೆಸ್ಟ್ ನೆಟ್‌ವರ್ಕನ್ನೇ ಕಳೆದುಕೊಳ್ಳಬಹುದು. ಲಿನಕ್ಸ್‌ನಲ್ಲಿ ಈ ಆಯ್ಕೆಯ ಗೊಡವೆಯೇ ಹೆಚ್ಚಾಗಿ ಬೇಡ. ವಿಎಂವೇರ್ ಟೂಲ್ಸ್‌ನ ಮುಕ್ತ ರೂಪವಾದ ಓಪನ್ ವಿಎಂ ಟೂಲ್ಸ್ ಅಲ್ಲಿ ಡಿಸ್ಟ್ರಿಬ್ಯೂಷನ್‌ನ ಪ್ಯಾಕೇಜ್ ಆಗಿಯೇ ಬರುತ್ತದೆ, ಉಳಿದ ಪ್ಯಾಕೇಜ್‌ಗಳ ಜೊತೆಗೇ ಅಪ್‌ಡೇಟ್ ಆಗುತ್ತದೆ.